ಗೂಡಲೂರಿನಿಂದ ಕಂಬಕ್ಕೆ, ಒಂದನೇ ಗಿಯರಿನಲ್ಲಿ

ಆಂಡಿಯ ಗಾಡಿಯ ಡ್ಯಾಶಿನ ಮೇಲೆ ಅಂಗೈಯಗಲದ ಒಂದು ತಗಡು ಇತ್ತು. ತಗಡಿನ ಮೇಲೆ ನಾಲ್ಕು ಅಂಕಿ: ಎಂಟು, ಹದಿನೇಳು, ಮೂವತ್ತೆರಡು, ಐವತ್ತನಾಲ್ಕು. ಒಂದನೇ ಗಿಯರಿನಲ್ಲಿ ಗಂಟೆಗೆ ಎಂಟು ಮೈಲಿ, ಎರಡನೆಯದರಲ್ಲಿ ಹದಿನೇಳು, ಮೂರನೆಯದರಲ್ಲಿ ಮೂವತ್ತೆರಡು, ನಾಲ್ಕನೆಯದರಲ್ಲಿ ಐವತ್ತನಾಲ್ಕು. ಅದನ್ನು ಮೀರಿ ಓಡಿಸಬಾರದು. ಬರ್ಮಾ ಯುದ್ಧದ ಕಾಲದಲ್ಲಿ ಪಟಾಲಮಿಗೆಂದು ಮಾಡಿದ ಡಾಡ್ಜ್ ಪಿಕಪ್ ಅದು. ಯುದ್ಧ ಮುಗಿದ ಮೇಲೆ ಸರಕಾರ ಹರಾಜು ಹಾಕಿದ್ದನ್ನು ಯಾರೋ ಕೊಂಡು, ಇನ್ಯಾರೋ ಮಾರಿ, ಮೂರನೇ ಕೈಯಾಗಿ ತಮಿಳು ಸೀಮೆಯ ಕಂಬಂ ಕಣಿವೆಗೆ, ಅಲ್ಲಿನ ಕನ್ನಡದವರ ಬಾಯಲ್ಲಿ ಕಂಬಕ್ಕೆ, ಬಂದಿತ್ತು. ಅದರ ಹಸಿರು ಬಣ್ಣ ಈಗ ಒಣಗಿದ ಬೇವಿನೆಲೆಯ ಬಣ್ಣಕ್ಕೆ ತಿರುಗಿತ್ತು.

ಆಂಡಿಗೆ ಇಂಗ್ಲಿಷ್ ಓದಲು ಬಾರದು, ಅಂಕಿ ಮಾತ್ರ ಬರುತ್ತದೆ. ಮೀಸೆ ಚಿಗುರುವ ವಯಸ್ಸಿನಲ್ಲಿ ಪಟಾಲಮಿಗೆ ಸೇರಿ ಮಣಿಪುರದ ಕೆಸರು ರಸ್ತೆಯಲ್ಲಿ ಇಂಥದೇ ಗಾಡಿ ಓಡಿಸಿದವನು. ಆಗ ಒಬ್ಬ ಹವಾಲ್ದಾರ ಇಂಥದೇ ತಗಡಿನ ಕೊನೆಯ ಅಂಕಿಯ ಮೇಲೆ ಬೆರಳಿಟ್ಟು, "ಇದನ್ನು ದಾಟಿದರೆ ಇಂಜಿನ್ನಿನ ಹೊಟ್ಟೆ ಒಡೆದು ರಾಡು ಹೊರಗೆ ಬರುತ್ತೆ, ಹುಷಾರು" ಎಂದಿದ್ದ. ಅಂದಿನಿಂದ ಇಪ್ಪತ್ತು ವರ್ಷ, ಆಂಡಿ ಐವತ್ತನಾಲ್ಕನ್ನು ದಾಟಿದವನಲ್ಲ. ಆದರೆ ಗೋಡೆ ಅಂತ ಒಂದಿದ್ದ ಮೇಲೆ ಅದರ ಆಚೆ ಏನಿದೆ ಅಂತ ಮನಸ್ಸು ಇಣುಕದೆ ಇರುತ್ತದೆಯೇ?

ಅವನಿಗೆ ಒಂದು ಕನಸು ಬೀಳುತ್ತಿತ್ತು. ವತ್ತಲಗುಂಡು ಬಿಟ್ಟು ನಿಲಕ್ಕೋಟ್ಟೈ ಕಡೆಗೆ ಹೋಗುವ ನೆಟ್ಟನೆಯ ರಸ್ತೆ, ಎರಡೂ ಪಕ್ಕ ಹುಣಿಸೆಮರ. ಗಾಡಿ ಐವತ್ತನಾಲ್ಕಕ್ಕೆ ಬರುತ್ತದೆ, ಇಂಜಿನ್ ಕಿರುಚುತ್ತದೆ, ತಗಡು ನಡುಗುತ್ತದೆ. ಅಲ್ಲಿಂದ ಮುಂದೆ ಅರವತ್ತು. ಅರವತ್ತರಲ್ಲಿ ಸದ್ದೇ ಇಲ್ಲ. ಮರಗಳು ಸೇರಿ ಒಂದೇ ಹಸಿರು ನೀರಾಗಿ ಹರಿಯುತ್ತವೆ, ಮಲ್ಲಿಗೆ ತೋಟದ ವಾಸನೆ ಕಿಟಕಿಯಲ್ಲಿ ಒಂದು ಸಲ ಬಂದು ಹೋಗುವುದಿಲ್ಲ, ಜೊತೆಗೇ ಬರುತ್ತದೆ. ಅಷ್ಟರಲ್ಲಿ ಎಚ್ಚರ. ಬಲಗಾಲು ಮಂಚದ ಪಟ್ಟಿಯನ್ನು ಒತ್ತುತ್ತಿರುತ್ತದೆ.

"ವಂಡಿ ಓಡ್ಸೋದು ಇದ್ರೆ ರೋಡಲ್ಲಿ ಓಡ್ಸು. ಕಟ್ಲು ಮುರೀತದೆ," ಎನ್ನುವಳು ಅವನ ಹೆಂಡತಿ ಅಳಗಮ್ಮಾಳ್.

ಕನಸಿಗೊಬ್ಬ ಮೆಕ್ಯಾನಿಕ್ ಸಿಕ್ಕಿದ್ದು ಆ ಮಾರ್ಗಳಿ ತಿಂಗಳಲ್ಲಿ, 1963 ಮುಗಿಯುತ್ತಿದ್ದಾಗ. ದಿಂಡುಕ್ಕಲ್ಲಿನ ಕಾಳಿಮುತ್ತುವಿನ ಮನೆಮಾತೂ ಕನ್ನಡವೇ. ಬೈಯುವುದು ಮಾತ್ರ ತಮಿಳಿನಲ್ಲಿ. ಅವನು ಶೆಡ್ಡಿನ ಮೂಲೆಯಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ, ಮುಂದಿನ ಅಚ್ಚಿಗೊಂದು ಹಿಂದಿನದಕ್ಕೊಂದು ಎಂದು ಎರಡು ಜೊತೆ ಹಲ್ಲುಚಕ್ರ ತೆಗೆದು ತೋರಿಸಿದ್ದ.

"ನೋಡಣ್ಣೇ. ನಿನ್ನ ವಂಡಿ ಅಚ್ಚಿನೊಳಗೆ ಚಿಕ್ಕ ಚಕ್ರಕ್ಕೆ ಆರು ಪಲ್ಲು, ದೊಡ್ಡದಕ್ಕೆ ಮೂವತ್ತೈದು. ಟಾಪ್ ಗಿಯರಲ್ಲೂ ಇಂಜಿನ್ ಆರು ಸುತ್ತು ಸುತ್ತಿದ್ರೆ ಟೈರು ಒಂದು ಸುತ್ತು. ಬಲ ಜಾಸ್ತಿ, ಓಟ ಕಮ್ಮಿ. ಇದು ಅದೇ ಕಂಪನಿ ಸಣ್ಣ ವಂಡೀದು. ಚಿಕ್ಕದಕ್ಕೆ ಒಂಬತ್ತು, ದೊಡ್ಡದಕ್ಕೆ ನಾಲ್ವತ್ನಾಲ್ಕು. ಐದು ಸುತ್ತಿಗೇ ಒಂದು ಸುತ್ತು. ಇಂಜಿನ್ ಅದೇ, ಉಸುರು ಅದೇ. ಅರವತ್ನಾಲ್ಕು ಮೈಲಿ ಓಗ್ತದೆ."

"ಬಲ?"

"ಒಂದು ಕೊಟ್ಟು ಒಂದು ತಗೋಬೇಕು. ತುಂಬು ಲೋಡು ಹಾಕ್ಕೊಂಡು ಬೋಡಿಮೆಟ್ಟು ಘಾಟಿ ಏರೋ ಆಸೆ ಬಿಡು. ಆಮೆ ಹಾಗೆ ಮೆದುವಾಗಿ ಓಡ್ಸೋಕೂ ಆಗಲ್ಲ, ಕ್ಲಚ್ಚು ಸುಡ್ತದೆ. ಆದ್ರೆ ನೀನು ಆಮೆ ಹಾಗೆ ಎಲ್ಲಿಗೆ ಓಗ್ಬೇಕು, ಹೇಳು?"

ಆಂಡಿ ನಕ್ಕಿದ್ದ. ಅವನಿಗೆ ಬೇಕಾಗಿದ್ದುದೂ ಓಟವೇ. ಕಂಬದ ದ್ರಾಕ್ಷಿಯನ್ನು ದಿಂಡುಕ್ಕಲ್ಲಿಗೆ ತಂದುಕೊಡುವ ಕೆಲಸ ಅವನದು. ಅಲ್ಲಿನ ವ್ಯಾಪಾರಿ ರಾಜೇಂದ್ರನ್ ಒಂದು ವಾರದ ಹಿಂದೆ ಮೆಲ್ಲಗೆ ಹೇಳಿದ್ದ: ಹೊಸ ಲಾರಿಯೊಂದು ಆಂಡಿಗಿಂತ ಒಂದು ಗಂಟೆ ಮೊದಲು ಬರುತ್ತದೆ, ಒಂದು ಗಂಟೆಯಲ್ಲಿ ದ್ರಾಕ್ಷಿ ಬಾಡುತ್ತದೆ, ಪೊಂಗಲ್ ಒಳಗೆ ಗಾಡಿಯ ಓಟ ಹೆಚ್ಚಿಸಿಕೊಳ್ಳದಿದ್ದರೆ ಲೋಡು ಲಾರಿಗೆ. ಹೇಗೂ ಬಯಸುತ್ತಿದ್ದುದನ್ನು ಲೋಕವೇ ಮಾಡು ಎಂದಾಗ ಎಷ್ಟು ಹಾಯಾಗಿರುತ್ತದೆ.

"ಶುಕ್ರವಾರ ಸಾಯಂಕಾಲ ಆರು ಗಂಟೆಗೆ ವಂಡಿ ಇಲ್ಲಿರ್ಬೇಕು," ಎಂದಿದ್ದ ಕಾಳಿಮುತ್ತು. "ಎಸ್ಟೇಟಿನವನೊಬ್ಬ ಇದರ ಮೇಲೆ ಕಣ್ಣಿಟ್ಟವ್ನೆ. ಆರು ದಾಟಿದ್ರೆ ಅವನಿಗೆ. ಆಮೇಲೆ ನೀನು ನನ್ನ ಕಾಲು ಹಿಡಿದ್ರೂ ಇಂಥದು ಇನ್ನೊಂದು ಜೊತೆ ಉಟ್ಟಲ್ಲ."

ಆ ಶುಕ್ರವಾರ ಬೆಳಿಗ್ಗೆ ಆಂಡಿ ಗೂಡಲೂರಿನ ತೋಟವೊಂದಕ್ಕೆ ತೆಂಗಿನ ಸಸಿ ಇಳಿಸಿ ಖಾಲಿ ಗಾಡಿಯಲ್ಲಿ ಕಂಬದ ಕಡೆಗೆ ಹೊರಟ. ಏಳು ಗಂಟೆ. ಬೆಟ್ಟದಿಂದ ಇಳಿದ ಮಂಜು ಇನ್ನೂ ಗದ್ದೆಗಳ ಮೇಲೆ ಮಲಗಿತ್ತು. ಕಂಬಕ್ಕೆ ಆರೇ ಮೈಲಿ. ಅಲ್ಲಿ ಒಂದು ಮುದ್ದೆ ಉಂಡು, ಎರಡು ಗಂಟೆಗೆ ಹೊರಟರೂ ಆರಕ್ಕೆ ದಿಂಡುಕ್ಕಲ್ಲು. ಲೆಕ್ಕ ಸರಿಯಾಗಿತ್ತು.

ಊರು ದಾಟಿದ ತಿರುವಿನಲ್ಲಿ, ರಸ್ತೆಯ ಪಕ್ಕ, ಅವನ ಮಾವ, ಹೆಂಡತಿಯ ಅಪ್ಪ, ರಂಗಸಾಮಿ ಕಂಬಳಿ ಹೊದ್ದು ಕೂತಿದ್ದ. ಅವನ ಪಕ್ಕದಲ್ಲಿ ಪಟ್ಟದ ಹೋರಿ ಮಲಗಿತ್ತು.

ಕಂಬದ ಒಕ್ಕಲಿಗರ ಮನೆಗಳಿಗೆಲ್ಲ ಸೇರಿದ ಒಂದು ಹಿಂಡಿದೆ, ದೇವರ ಹಿಂಡು. ಮನೆಮಾತಿನಲ್ಲಿ ದೇವ್ರಾವು. ಆ ಹಸುಗಳನ್ನು ಮಾರುವುದಿಲ್ಲ, ಹೂಡುವುದಿಲ್ಲ, ಹಾಲು ಕರೆದು ಮನೆಗೆ ಒಯ್ಯುವುದಿಲ್ಲ. ಹಿಂಡಿಗೊಬ್ಬ ರಾಜ, ಪಟ್ಟದ ಹೋರಿ. ಅದಕ್ಕೆ ಮೂಗುದಾರವಿಲ್ಲ, ಹಗ್ಗವಿಲ್ಲ, ಕೋಲಿನ ಏಟಿಲ್ಲ. ಗಾಡಿಗೆ ಏರಿಸುವಂತೆಯೂ ಇಲ್ಲ. ಪಟ್ಟ ಕಟ್ಟಿದ ದಿನದಿಂದ ಅದರ ನಾಲ್ಕು ಕಾಲು ನೆಲ ಬಿಡಬಾರದು. ಹಿಂಡು ಕಾಯುವವನು ಮುಂದೆ ನಡೆಯುತ್ತ ಗಂಟಲ ಒಳಗಿಂದ ಒಂದೇ ಸಮನೆ ಹೂಂಗುಟ್ಟುತ್ತಾನೆ. ಅದು ಹಾಡಲ್ಲ, ಕೂಗೂ ಅಲ್ಲ. ಜೇನುಗೂಡಿಗೆ ಕಿವಿಯಿಟ್ಟ ಹಾಗಿರುವ ಒಂದು ದನಿ. ಹೋರಿ ಆ ದನಿಯ ಹಿಂದೆ ಬರುತ್ತದೆ, ಹಿಂಡು ಹೋರಿಯ ಹಿಂದೆ. ನಲವತ್ತು ವರ್ಷ ಆ ದನಿ ರಂಗಸಾಮಿಯದು.

ಈ ಸಲ ಮೇವಿಗೆ ಬೆಟ್ಟದ ಬುಡಕ್ಕೆ ಬಂದಾಗ ಜ್ವರ ಹಿಡಿದು ರಂಗಸಾಮಿಯ ಗಂಟಲು ಹೋಗಿತ್ತು. ಬೇರೆಯವರು ಹಿಂಡನ್ನು ಹೇಗೋ ಹೊಡೆದುಕೊಂಡು ಹೋದರು. ಮುದಿ ಹೋರಿ ಮಾತ್ರ ಹೊರಡಲಿಲ್ಲ. ಅದಕ್ಕೆ ಕಣ್ಣು ಮಂಜಾಗಿತ್ತು, ಕಿವಿ ಒಂದೇ ದಾರಿ. ಪೊಂಗಲ್ ಹೊತ್ತಿಗೆ ಅದು ದೊಡ್ಡಿಯಲ್ಲಿರಬೇಕು. ಅದರೆದುರು ಎಳೆಯ ಹೋರಿಗಳಿಗೆ ಕಬ್ಬು ಇಟ್ಟು, ಮೊದಲು ಬಾಯಿ ಹಾಕಿದ್ದನ್ನು ಮುಂದಿನ ರಾಜನೆಂದು ಆರಿಸಬೇಕು.

"ಮಾಮಾ, ಇಲ್ಲೇ ಕುಂತು ಎಷ್ಟು ದಿನ ಆಯ್ತು?"

ಮುದುಕ ನಾಲ್ಕು ಬೆರಳು ತೋರಿಸಿದ. ಆಮೇಲೆ ಒಡಕು ಮಡಕೆಯಂಥ ದನಿಯಲ್ಲಿ ಅಳಿಯನಿಗೆ, "ಎಲ್ರೂ ಹೂಂಗುಟ್ಟಿ ನೋಡಿದ್ರು ಮಾಪ್ಳೆ. ಇದು ತಲೆ ಎತ್ತಲಿಲ್ಲ. ಕಂಬದಲ್ಲಿ ಹೇಳು, ಒಣಹುಲ್ಲು ಕಳಿಸ್ಲಿ. ನಾನೂ ಇದೂ ಇಲ್ಲೇ ಇರ್ತೀವಿ," ಎಂದ.

"ಇಲ್ಲೇ ಅಂದ್ರೆ?"

"ಇಲ್ಲೇ ಅಂದ್ರೆ ಇಲ್ಲೇ. ಇದರ ಕಾಲ ಮುಗಿಯೋವರ್ಗೂ."

ಆಂಡಿ ತಲೆಯಾಡಿಸಿ ಗಾಡಿ ಹತ್ತಿದ. ಮುಂದೆ ಕಾಲುವೆ ಒಡೆದು ರಸ್ತೆ ಹಳ್ಳವಾಗಿತ್ತು. ಅವನು ಒಂದನೇ ಗಿಯರಿಗೆ ಹಾಕಿ, ಕಾಲನ್ನು ಎಲ್ಲದರಿಂದಲೂ ತೆಗೆದು, ಗಾಡಿಯನ್ನು ತನ್ನಷ್ಟಕ್ಕೆ ತೆವಳಲು ಬಿಟ್ಟ. ಆ ಗಾಡಿಯ ಒಂದನೇ ಗಿಯರಿಗೆ ಒಂದು ದನಿಯಿತ್ತು. ಹಲ್ಲುಗಳು ಒಂದನ್ನೊಂದು ಉಜ್ಜಿಕೊಂಡು, ಒಳಗೇ ಗುಂಯ್ ಎನ್ನುವ ದನಿ. ಅದನ್ನು ಅವನು ಎಷ್ಟು ಸಾವಿರ ಸಲ ಕೇಳಿದ್ದನೋ, ಎರಡನೆಯದಕ್ಕೆ ಹಾಕುವ ಅವಸರದಲ್ಲಿ ಒಂದು ಸಲವೂ ಕೇಳಿರಲಿಲ್ಲ.

ಹಳ್ಳ ದಾಟಿ ಕನ್ನಡಿ ನೋಡಿದ. ಹೋರಿ ಎದ್ದು ನಿಂತಿತ್ತು. ಮುಂಗಾಲು ಎತ್ತಿತು, ಇಟ್ಟಿತು. ಇನ್ನೊಂದು. ಅದು ಮಂಜಿನೊಳಗಿಂದ ಗಾಡಿಯ ಹಿಂದೆಯೇ ಬರುತ್ತಿತ್ತು.

ರಂಗಸಾಮಿ ಕಂಬಳಿ ಜಾರಿದ್ದೂ ತಿಳಿಯದೆ ಕಿಟಕಿಯ ಹತ್ತಿರ ಓಡಿಬಂದ. "ಮಾಪ್ಳೆ, ನಿಲ್ಲಿಸ್ಬೇಡ. ಎರಡ್ನೇದಕ್ಕೆ ಹಾಕ್ಬೇಡ. ಇಂಗೇ ಓಗು."

"ಮಾಮಾ, ನಂಗೆ ದಿಂಡುಕ್ಕಲ್ಲಿಗೆ..."

"ಗೊತ್ತು. ಮಗಳು ಹೇಳವ್ಳೆ. ಕಂಬದವರ್ಗೂ ಓಗು ಸಾಕು."

ಆಂಡಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಗಂಟೆಗೆ ಎರಡು ಮೈಲಿಯೂ ಇಲ್ಲ. ಆರು ಮೈಲಿಗೆ ನಾಲ್ಕು ಗಂಟೆ ಅಂದರೂ ಹನ್ನೊಂದು. ಎರಡಕ್ಕೆ ಇನ್ನೂ ಮೂರು ಗಂಟೆ ಕೈಯಲ್ಲಿರುತ್ತದೆ. "ಆಗ್ಲಿ," ಎಂದ.

ಹಾಗೆ ಶುರುವಾಯಿತು. ವೇಗ ತೋರಿಸುವ ಮುಳ್ಳು ಸೊನ್ನೆಯಿಂದ ಮೇಲೇಳಲೇ ಇಲ್ಲ. ಮೊದಲ ಮೈಲಿಯಲ್ಲಿ ಆಂಡಿಯ ಕಾಲು ತಾನಾಗಿ ಆಕ್ಸಿಲರೇಟರ್ ಹುಡುಕುತ್ತಿತ್ತು. ಅದನ್ನು ಎತ್ತಿ ಸೀಟಿನ ಮೇಲೆ ಮಡಚಿಟ್ಟುಕೊಂಡ. ಒಂದು ಕಾಲು ಮಡಚಿ, ಊಟಕ್ಕೆ ಕೂತವನ ಹಾಗೆ ಕೂತು ಗಾಡಿ ಓಡಿಸಿದ್ದು ಜನ್ಮದಲ್ಲಿ ಅದೇ ಮೊದಲು.

ಎರಡನೇ ಮೈಲಿಯಲ್ಲಿ ಸೊಪ್ಪಿನ ಬುಟ್ಟಿ ಹೊತ್ತ ಚಿನ್ನತಾಯಿ ಎಂಬ ಮುದುಕಿ ಕೈ ತೋರಿಸದೆಯೇ ಗಾಡಿ ಹತ್ತಿದಳು. ನಿಲ್ಲಿಸುವ ಅಗತ್ಯವೂ ಇರಲಿಲ್ಲ. ಪಕ್ಕದಲ್ಲಿ ಕೂತು ಸ್ವಲ್ಪ ಹೊತ್ತು ಹೊರಗೆ ನೋಡಿದಳು.

"ತಂಬಿ, ವಂಡಿ ಕೆಟ್ಟೋಯ್ತಾ?"

"ಇಲ್ಲ ಅವ್ವಾ."

"ಮತ್ತೆ ನಿಂಗೇನಾರ ಕೆಟ್ಟೋಯ್ತಾ?"

"ಹಿಂದೆ ನೋಡವ್ವಾ."

ಚಿನ್ನತಾಯಿ ತಲೆ ಹೊರಗೆ ಹಾಕಿ ನೋಡಿದಳು. ಕೈ ಮುಗಿದಳು. ಮತ್ತೆ ಕೂತಳು. ನಾಲ್ಕು ತೆಂಗಿನಮರ ದಾಟುವಷ್ಟರಲ್ಲಿ ಬುಟ್ಟಿ ಎತ್ತಿಕೊಂಡಳು. "ದೇವ್ರು ಮೆದುವಾಗಿ ಬರ್ಲಿ, ಬೇಡ ಅನ್ನಲ್ಲ. ನನ್ನ ಕೀರೆ ಬಾಡ್ತದೆ," ಎಂದು ಇಳಿದು, ಗಾಡಿಯನ್ನು ಹಿಂದೆ ಹಾಕಿ ನಡೆದೇಬಿಟ್ಟಳು. ಅವಳ ಬೆನ್ನು ಚಿಕ್ಕದಾಗುತ್ತ ಹೋಗಿ ತಿರುವಿನಲ್ಲಿ ಮಾಯವಾಯಿತು. ಗಾಡಿಯ ಪಕ್ಕದಲ್ಲೇ ನಡೆಯುತ್ತಿದ್ದ ರಂಗಸಾಮಿ ಬಾಯಿ ತೆರೆದು ಸದ್ದಿಲ್ಲದೆ ನಕ್ಕ.

ಮಂಜು ಎದ್ದುಹೋಯಿತು. ಸಾವಿರ ಸಲ ಓಡಾಡಿದ ಆ ದಾರಿ ಆಂಡಿಗೆ ಗುರುತೇ ಸಿಗಲಿಲ್ಲ. ರಸ್ತೆಗೆ ಹತ್ತಿಕೊಂಡೇ ಒಂದು ಮೆಟ್ಟಿಲ ಬಾವಿಯಿತ್ತು. ಕೊನೆಯ ಮೆಟ್ಟಿಲ ಮೇಲೆ ಒಬ್ಬಳು ಕೂದಲು ಬಿಚ್ಚಿಕೊಂಡು ನೀರಿನಲ್ಲಿ ಮುಖ ನೋಡುತ್ತಿದ್ದಳು, ಆಂಡಿಯನ್ನು ನೋಡಿ ನಾಚಿ, ಅವನು ಇನ್ನೂ ಅಲ್ಲೇ ಇರುವುದನ್ನು ಕಂಡು ಮತ್ತೆ ನಾಚಿದಳು. ದ್ರಾಕ್ಷಿಯ ಚಪ್ಪರಗಳು ಬಂದವು. ಬಳ್ಳಿಯಡಿಯ ನೆರಳು ರಸ್ತೆಗೆ ಚಾಚಿತ್ತು. ಗೊಂಚಲುಗಳೊಳಗೆ ಬೆಳಕು ಹೇಗೆ ಸಿಕ್ಕಿಕೊಂಡು ನಿಲ್ಲುತ್ತದೆ ಎಂಬುದನ್ನು ಅವನು ನೋಡಿದ. ಇಷ್ಟು ವರ್ಷ ಅವುಗಳನ್ನೇ ಹೊತ್ತು ಓಡಿದ್ದ, ಬುಟ್ಟಿಗೆ ಬಟ್ಟೆ ಮುಚ್ಚಿದ ಮೇಲೆಯೇ ಅವು ಅವನ ಕೈಗೆ ಬರುತ್ತಿದ್ದವು. ಒಂದು ಗುಬ್ಬಿ ಗಾಡಿಯ ಬಾನೆಟ್ಟಿನ ಮೇಲೆ ಕೂತು, ಎರಡು ಹೊಲ ದಾಟಿ, ಇಳಿಯಬೇಕಾದ ಜಾಗ ಬಂತೆನ್ನುವ ಹಾಗೆ ಹಾರಿಹೋಯಿತು.

ಎಲ್ಲದರ ಅಡಿಯಲ್ಲಿ ಆ ಗುಂಯ್ ದನಿ. ಅದು ಈಗ ಗಾಡಿಯದೆಂದು ಅನ್ನಿಸುತ್ತಿರಲಿಲ್ಲ. ರಸ್ತೆಯೇ ನಿದ್ದೆಯಲ್ಲಿ ಉಸಿರಾಡುತ್ತಿದ್ದ ಹಾಗಿತ್ತು. ಆಂಡಿಯ ರೆಪ್ಪೆಗಳು ಭಾರವಾದವು. ನಿದ್ದೆಯಲ್ಲ, ನಿದ್ದೆಯ ಹೊಸ್ತಿಲು.

ಒಂಬತ್ತೂವರೆಗೆ ಇಂಜಿನ್ ಕುದಿಯಿತು. ಗಾಳಿಯೇ ತಾಗದ ನಡೆಗೆ ರೇಡಿಯೇಟರು ತಡೆಯುತ್ತದೆಯೇ? ನಿಲ್ಲಿಸಿ ಕಾಲುವೆಯ ನೀರು ತಂದು ಹಾಕಿದ. ದನಿ ನಿಂತದ್ದೇ ತಡ, ಹೋರಿ ಒಂದು ಹುಣಿಸೆಮರದ ಕೆಳಗೆ ಮಲಗಿಬಿಟ್ಟಿತು. ಮಲಗಿದ್ದು ಎರಡೂವರೆ ಗಂಟೆ. ಎಬ್ಬಿಸುವಂತಿಲ್ಲ, ತಳ್ಳುವಂತಿಲ್ಲ. ಆಂಡಿ ನಡುನಡುವೆ ಗಾಡಿ ಸ್ಟಾರ್ಟ್ ಮಾಡಿ ಹತ್ತು ಮಾರು ಹೋಗಿ ನೋಡುವನು. ಹೋರಿ ಕಿವಿ ತಿರುಗಿಸುವುದು, ಏಳದು. ಅವನು ಸೂರ್ಯನನ್ನು ನೋಡುವನು. ಮುದುಕ ಅವನನ್ನು ನೋಡುವನು.

ಹನ್ನೆರಡಕ್ಕೆ ಅದು ತಾನಾಗಿ ಎದ್ದಿತು. ಒಂದೂವರೆಗೆ ಕಂಬ ಇನ್ನೂ ಎರಡು ಮೈಲಿ ದೂರವಿದ್ದಾಗ, ಕುಮುಳಿಯಿಂದ ಬಂದ ದಿಂಡುಕ್ಕಲ್ಲು ಬಸ್ಸು ಹಿಂದೆ ನಿಂತು ಹಾರನ್ ಹೊಡೆಯಿತು. ಹೋರಿಯನ್ನು ಕಂಡು ಹಾರನ್ ನಿಲ್ಲಿಸಿತು. ಕಂಡಕ್ಟರ್ ಇಳಿದು ಆಂಡಿಯ ಕಿಟಕಿಯ ಪಕ್ಕ ನಡೆಯುತ್ತ ಬಂದ. ಆಂಡಿಯ ಗಿಯರಿನ ಕಥೆ ಆ ರಸ್ತೆಗೆಲ್ಲ ಗೊತ್ತಿದ್ದದ್ದೇ.

"ಏನಣ್ಣೇ, ಅರವತ್ತು ಮೈಲಿ ಅಂದ್ರು. ಇದೇನಾ?"

"ಇವತ್ತು ಬಿಡು ತಂಬಿ."

"ನಾಳೆ ಏನಿದೆ? ಕಾಳಿಮುತ್ತು ಆರು ಗಂಟೆಗೆ ಕೊಟ್ಬಿಡ್ತಾನೆ. ಹೋರೀನ ಇಲ್ಲೇ ಮರದಡಿ ಬಿಟ್ಟು ಓಗು. ನಾಳೆ ಬಂದು ಕರ್ಕೊಂಡು ಓಗ್ಬೋದು."

ರಂಗಸಾಮಿ ಗಾಡಿಯ ಇನ್ನೊಂದು ಪಕ್ಕದಲ್ಲಿ ನಡೆಯುತ್ತಿದ್ದವನು, "ಅವ್ನು ಹೇಳೋದು ಸರಿ ಮಾಪ್ಳೆ. ನಿನ್ನ ಕೆಲ್ಸ ನೋಡು. ಇಷ್ಟು ದೂರ ಬಂತಲ್ಲ," ಎಂದ. ಹೇಳಿ ರಸ್ತೆಯ ಕಡೆ ಮುಖ ತಿರುಗಿಸಿಕೊಂಡ.

ನಾಳೆ ಇದೇ ದಾರಿಗೆ ಬರುವ ಗಾಡಿಯಲ್ಲಿ ಒಂಬತ್ತು ಹಲ್ಲಿನ ಚಕ್ರವಿರುತ್ತದೆ. ಅದು ಇಷ್ಟು ಮೆಲ್ಲಗೆ ತೆವಳಲಾರದು. ಅದರ ದನಿ ಬೇರೆಯಾಗಿರುತ್ತದೆ. ಆಂಡಿಗೆ ಅದು ಥಟ್ಟನೆ ಹೊಳೆದದ್ದಲ್ಲ. ಬೆಳಗಿನಿಂದ ಮಡಚಿಟ್ಟ ಕಾಲಿಗೆ ಗೊತ್ತಾಗಿದ್ದದ್ದು ಈಗ ತಲೆಗೆ ತಲುಪಿತು. ಹುಣಿಸೆಮರಗಳ ಆ ನೆಟ್ಟನೆಯ ರಸ್ತೆ ಅವನ ಕಣ್ಣ ಮುಂದೆ ಒಂದು ಸಲ ಹಾದುಹೋಯಿತು, ಹಸಿರು ನೀರಿನ ಹಾಗೆ. ಸುಳ್ಳು ಹೇಳಬಾರದು, ನೋವಾಯಿತು.

"ಕಾಳಿಮುತ್ತುಗೆ ಹೇಳು ತಂಬಿ. ಕಾಯ್ಬೇಡ ಅಂತ. ಎಸ್ಟೇಟಿನವನಿಗೇ ಕೊಡ್ಲಿ."

"ರಾಜೇಂದ್ರನ್ ದ್ರಾಕ್ಷಿ?"

"ಲಾರಿಯವನು ತರ್ತಾನೆ."

"ಆಮೇಲೆ ಅಳ್ಬೇಡ."

"ಅತ್ರೆ ನಿನ್ನ ಬಸ್ಸಲ್ಲೇ ಕುಂತು ಅಳ್ತೀನಿ, ಟಿಕೆಟ್ ತಗೊಂಡು. ಓಗು."

ಬಸ್ಸು ಹೊಲದ ಅಂಚಿಗೆ ಇಳಿದು, ಹೋರಿಯನ್ನು ಬಳಸಿಕೊಂಡು, ಧೂಳೆಬ್ಬಿಸಿ ಮುಂದೆ ಹೋಯಿತು. ರಂಗಸಾಮಿ ಗಾಡಿಯ ಬಾಗಿಲ ಮೇಲೆ ಕೈಯಿಟ್ಟುಕೊಂಡು ನಡೆದ. ಕಂಬದವರೆಗೂ ಆ ಕೈ ತೆಗೆಯಲಿಲ್ಲ.

ದೊಡ್ಡಿಗೆ ಬಂದಾಗ ನಾಲ್ಕು ಗಂಟೆ. ಸುದ್ದಿ ಮೊದಲೇ ಬಂದಿತ್ತು. ಹೆಂಗಸರು ಅರಿಶಿನದ ನೀರು ಹಿಡಿದು ನಿಂತಿದ್ದರು, ಅಳಗಮ್ಮಾಳ್ ಅವರಲ್ಲಿ ಒಬ್ಬಳು. ಗಾಡಿ ಒಳಗೆ ತೆವಳಿತು, ಹೋರಿ ಒಳಗೆ ಬಂದಿತು, ನೂರಾರು ಹಸುಗಳು ಎರಡು ಪಾಲಾಗಿ ದಾರಿ ಬಿಟ್ಟವು. ಆಂಡಿ ಇಂಜಿನ್ ಆರಿಸಿದ.

ಹೋರಿ ಅಲ್ಲಿಯೇ ನಿಂತಿತು. ಮಲಗಲಿಲ್ಲ. ಮಂಜುಗಣ್ಣು ಎತ್ತಿ ಅತ್ತಿತ್ತ ಹುಡುಕಿ, ಮೆಲ್ಲನೆ ಬಂದ ದಾರಿಗೇ ತಿರುಗತೊಡಗಿತು.

"ಆರಿಸ್ಬೇಡ ಮಾಪ್ಳೆ," ಎಂದ ಮುದುಕ.

ಆಂಡಿ ಮತ್ತೆ ಸ್ಟಾರ್ಟ್ ಮಾಡಿದ. ನಿಂತಲ್ಲೇ ನಿಂತರೆ ಆ ದನಿ ಬರುವುದಿಲ್ಲ, ಚಕ್ರ ತಿರುಗಬೇಕು. ಅವನು ಒಂದನೇ ಗಿಯರಿನಲ್ಲಿ ದೊಡ್ಡಿಯ ಒಳಗೇ ಸುತ್ತು ಹಾಕತೊಡಗಿದ. ಹೋರಿ ಹಿಂದೆ. ಒಂದು ಸುತ್ತು, ಎರಡು, ಐದು. ಓರೆ ಬಿಸಿಲಿನಲ್ಲಿ ಧೂಳು ಹೊನ್ನಿನ ಹಾಗೆ ನಿಂತಿತ್ತು. ಏಳನೆಯ ಸುತ್ತಿಗೆ ಅಳಗಮ್ಮಾಳ್ ಸೆರಗು ಸಿಕ್ಕಿಸಿ ಗಾಡಿ ಹತ್ತಿ ಪಕ್ಕದಲ್ಲಿ ಕೂತಳು.

"ಓಗಲಿಲ್ವಾ ದಿಂಡುಕ್ಕಲ್ಲಿಗೆ?"

"ಓಗ್ತಾ ಇದೀನಲ್ಲ. ಈ ದಾರಿ ಸುತ್ತು."

ಅವಳು ನಗಲಿಲ್ಲ. ತಲೆ ವಾಲಿಸಿ ಆ ದನಿಯನ್ನೇ ಕೇಳುತ್ತಿದ್ದಳು. "ನಾನು ತೊಟ್ಲಲ್ಲಿ ಇದ್ದಾಗ ಅಪ್ಪ ಇಂಗೇ ಹೂಂಗುಟ್ತಿದ್ದ," ಎಂದಳು. ಸ್ವಲ್ಪ ಹೊತ್ತಿಗೆ ಅವಳ ಗಂಟಲ ಒಳಗಿಂದ ಒಂದು ದನಿ ಎದ್ದಿತು, ಗಾಡಿಯ ದನಿಗಿಂತ ಒಂದೆಳೆ ಮೇಲೆ. ಆಮೇಲೆ ಅದು ಮೆಲ್ಲನೆ ಇಳಿದು ಗಾಡಿಯದರೊಳಗೆ ಕೂತಿತು. ಯಾವುದು ಗಾಡಿ, ಯಾವುದು ಹೆಂಡತಿ ಎಂದು ಆಂಡಿಗೆ ತಿಳಿಯದೆ ಹೋಯಿತು. ಕನ್ನಡಿಯಲ್ಲಿ ಹೋರಿಯ ಎರಡು ಕಿವಿಗಳೂ ಗಾಡಿಯ ಎಡಕ್ಕೆ, ಅವಳು ಕೂತ ಕಡೆಗೆ ತಿರುಗಿದವು.

ಹೆಂಗಸರು ಹಿಂಡಿಗೆ ಹೂಂಗುಟ್ಟಿದ್ದನ್ನು ಆ ದೊಡ್ಡಿಯಲ್ಲಿ ಯಾರೂ ಕೇಳಿದವರಲ್ಲ. ರಂಗಸಾಮಿ ಬೇಲಿಯ ಹತ್ತಿರ ನಿಂತವನು ಕೈ ಎತ್ತಿದ, ತಡೆಯಲೋ ಏನೋ. ಎತ್ತಿದ ಕೈ ಹಾಗೇ ನಿಂತು, ನಿಧಾನವಾಗಿ ಅವನ ಗಂಟಲ ಮೇಲೆ ಬಂದು ಕೂತಿತು.

ಆಂಡಿ ಉಸಿರು ಹಿಡಿದು ಕ್ಲಚ್ ಒತ್ತಿ, ಗಿಯರನ್ನು ನ್ಯೂಟ್ರಲ್ಲಿಗೆ ತಂದು, ಕೀಲಿ ತಿರುಗಿಸಿದ. ಇಂಜಿನ್ ನಿಂತಿತು. ದನಿ ನಿಲ್ಲಲಿಲ್ಲ. ಅಳಗಮ್ಮಾಳ್ ಕಣ್ಣು ಮುಚ್ಚಿಕೊಂಡೇ ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ನಡೆದಳು. ಹೋರಿ ಅವಳ ಹಿಂದೆ ನಾಲ್ಕು ಹೆಜ್ಜೆ ನಡೆದು, ಮುಂಗಾಲು ಮಡಚಿ, ದೊಡ್ಡದೊಂದು ಉಸಿರು ಬಿಟ್ಟು ಮಲಗಿತು.